ನಲವತ್ತೊಂದು ಲೈಸೆನ್ಸುಗಳ ಒಡತಿ

ವಿಜಯನಗರದ ದಂತವೈದ್ಯರೊಬ್ಬರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದ್ದೆ. ಕೆಳದವಡೆ ಮರಗಟ್ಟಿತ್ತು, ಬಾಯಿ ತುಂಬ ಹತ್ತಿ. ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಫೋನು ಗುರ್ರೆಂದಿತು. ಆಫೀಸಿನದು. ಎತ್ತಲಿಲ್ಲ. ಮತ್ತೆ ಬಂತು. ಮೂರನೆಯ ಸಲ ಡಾಕ್ಟರೇ ಇಕ್ಕಳವನ್ನು ಪಕ್ಕಕ್ಕಿಟ್ಟು, "ಏನೋ ಅರ್ಜೆಂಟ್ ಇರ್ಬೇಕು ಮೇಡಂ, ನಾನೇ ಎತ್ಲಾ?" ಎಂದರು. ತಲೆಯಾಡಿಸಿದೆ.

"ಮೇಡಂ, ಸಾಫ್ಟ್‌ವೇರ್ ಲಾಕ್ ಆಗಿದೆ. ನಿಮ್ಗೆ ಓಟಿಪಿ ಬಂದಿರತ್ತೆ, ಬೇಗ ಹೇಳಿ. ಕಸ್ಟಮರ್ ಎದುರಿಗೇ ಕೂತವ್ರೆ," ಎಂದ ನಮ್ಮ ಹಿರಿಯ ಡಿಸೈನರ್.

ನಾನು "ಆಂ, ಊಂ" ಎಂದೆ. ಅದಕ್ಕವನು "ಏನ್ ಮೇಡಂ, ಕೇಳಿಸ್ತಿಲ್ಲ" ಎಂದು ಅರಚಿದ. ಕೊನೆಗೆ ಡಾಕ್ಟರು ಕನ್ನಡಕ ಏರಿಸಿಕೊಂಡು, ನನ್ನ ಫೋನು ನೋಡಿಕೊಂಡು, ಮಗ್ಗಿ ಹೇಳಿಕೊಡುವವರ ಹಾಗೆ ಆರು ಅಂಕಿಗಳನ್ನು ಒಂದೊಂದಾಗಿ ಓದಿದರು. ಆ ಕಡೆಯಿಂದ "ಓಪನ್ ಆಯ್ತು, ಥ್ಯಾಂಕ್ಸ್ ಮೇಡಂ" ಎಂದು ಕೇಳಿಸಿತು. ಡಾಕ್ಟರು ನನ್ನತ್ತ ತಿರುಗಿ, "ನೀವು ಬ್ಯಾಂಕ್ ಮ್ಯಾನೇಜರ್ರಾ?" ಎಂದರು. ಹತ್ತಿ ಕಚ್ಚಿಕೊಂಡು ಬಯ್ಯಲು ಬರುವುದಿಲ್ಲ ಎನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು.

ನಾನು ಬ್ಯಾಂಕ್ ಮ್ಯಾನೇಜರ್ ಅಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಅಚ್ಚು ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದವಳು. ವಿಭಾಗ ಎಂದರೆ ನಾನೊಬ್ಬಳೇ. ಮಿಕ್ಸಿ ಜಾರಿನ ಮುಚ್ಚಳ, ಬಕೆಟ್ಟಿನ ಹಿಡಿಕೆ, ಸ್ವಿಚ್ ಬೋರ್ಡು, ಹೀಗೆ ಪ್ಲಾಸ್ಟಿಕ್ಕಿನಲ್ಲಿ ಏನೇನು ಎರಕ ಹೊಯ್ಯುತ್ತಾರೋ ಅದರ ಅಚ್ಚಿನ ನಕ್ಷೆ ನಮ್ಮಲ್ಲಿ ತಯಾರಾಗುತ್ತಿತ್ತು. ನಕ್ಷೆ ಬರೆಯುವುದಕ್ಕೆ ಸಾಫ್ಟ್‌ವೇರು, ಅದನ್ನು ಬಳಸುವುದಕ್ಕೆ ಲೈಸೆನ್ಸು. ಆ ಲೈಸೆನ್ಸುಗಳೆಲ್ಲ ನನ್ನ ಹೆಸರಿನಲ್ಲಿದ್ದವು. ಕಂಪನಿಯ ಹೆಸರಿನಲ್ಲಲ್ಲ, ಯಜಮಾನರ ಹೆಸರಿನಲ್ಲಲ್ಲ, ನನ್ನ ಹೆಸರಿನಲ್ಲಿ, ನನ್ನ ಸ್ವಂತ ಮೊಬೈಲ್ ನಂಬರಿನಲ್ಲಿ.

ಇದು ಹೇಗಾಯಿತು ಎಂದು ಕೇಳಿದರೆ ನಗಬಾರದು. ಕೈಗುಣದಿಂದ ಆಯಿತು.

ನಮ್ಮ ಯಜಮಾನರು ದಾವಣಗೆರೆ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಒಳ್ಳೆಯ ಮಾತು. ಕೆಲಸಗಾರರಿಗೆ ಕಾಯಿಲೆಯಾದರೆ ತಾವೇ ಆಸ್ಪತ್ರೆಗೆ ಹೋಗಿ ಕೂರುವ ಮನುಷ್ಯ. ಆದರೆ ಹೊಸದೇನು ಬಂದರೂ ಅದನ್ನು ಮೊದಲು ಮುಟ್ಟುವವರು ಯಾರು ಎನ್ನುವುದನ್ನು ನೋಡಿಯೇ ನೋಡುವವರು. ಹೊಸ ಯಂತ್ರದ ಗುಂಡಿ ಒತ್ತುವುದಕ್ಕೆ ಗೇಟಿನ ಕಾವಲುಗಾರರನ್ನು ಕರೆಸುತ್ತಿದ್ದರು, ಅವರ ಕೈಯಲ್ಲಿ ಶುರುವಾದ ಯಂತ್ರ ಕೆಟ್ಟಿಲ್ಲವಂತೆ. ನಾನು ಕೆಲಸಕ್ಕೆ ಸೇರಿದ ದಿನ ಎರಡು ವಾರದಿಂದ ಮಲಗಿದ್ದ ಕಂಪ್ಯೂಟರೊಂದು ನಾನು ಗುಂಡಿ ಒತ್ತಿದ ಕೂಡಲೇ ಎದ್ದಿತು. ಹಿಂದಿನ ವೈರು ಸಡಿಲವಾಗಿತ್ತು, ಅದನ್ನು ತಳ್ಳಿದ್ದೆ, ಅಷ್ಟೇ. ಅವತ್ತೇ ಮಧ್ಯಾಹ್ನ ದೊಡ್ಡ ಆರ್ಡರೂ ಬಂತು. ಮುಗಿಯಿತಲ್ಲ ಕಥೆ!

ಅದೇ ತಿಂಗಳು ಮೊದಲ ಅಸಲಿ ಸಾಫ್ಟ್‌ವೇರ್ ಕೊಂಡರು. ಪರದೆಯ ಮೇಲೆ ಹೆಸರು, ಇಮೇಲ್, ಮೊಬೈಲ್ ಕೇಳಿತು. "ಸಾರ್, ನಿಮ್ಮ ನಂಬರ್ ಹೇಳಿ," ಎಂದೆ.

"ನಂದ್ಯಾಕಮ್ಮಾ? ನಿಂದೇ ಹಾಕು. ನಿನ್ನ ಕೈಗುಣ ಚೆನ್ನಾಗಿದೆ."

ಹಾಕಿದೆ. ಒಂದು ಕ್ಷಣ ಚಕ್ರ ತಿರುಗಿ, ಇಷ್ಟು ದೊಡ್ಡ ಪರದೆಯ ನಡುವೆ ನನ್ನ ಹೆಸರು ಮೂಡಿತು. ಈ ಸಾಫ್ಟ್‌ವೇರಿನ ಪರವಾನಗಿ ಇಂಥವರಿಗೆ, ಎಂದು. ನಿಜ ಹೇಳುತ್ತೇನೆ, ಅದನ್ನು ಎರಡು ಸಲ ಓದಿಕೊಂಡೆ. ಮೂಡಲಪಾಳ್ಯದ ನಮ್ಮ ಮನೆ ಮಾವನವರ ಹೆಸರಿನಲ್ಲಿ, ಗ್ಯಾಸು ನಮ್ಮವರ ಹೆಸರಿನಲ್ಲಿ, ನಾನು ಓಡಿಸುತ್ತಿದ್ದ ಸ್ಕೂಟರ್ ಮೈದುನನ ಹೆಸರಿನಲ್ಲಿ. ಹಾಲಿನ ಕಾರ್ಡಿನ ಮೇಲೂ ನಮ್ಮತ್ತೆಯ ಹೆಸರೇ. ನನ್ನದು ಎಂದು ಲೋಕದಲ್ಲಿ ಮೊದಲು ಬರೆದದ್ದು ಆ ಪರದೆ. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೋಗಿ ಮನೆಯಲ್ಲಿ ತೋರಿಸಿದೆ. "ಓಹೋ, ಇನ್ಮೇಲೆ ಓನರ್ ಮೇಡಂ ಅನ್ಬೇಕೇನೇ ನಿನ್ನ?" ಎಂದು ನಮ್ಮವರು ಕಿಚಾಯಿಸಿದರು. ಮನಸ್ಸಿನಲ್ಲಿ ಹೌದು ಎಂದುಕೊಂಡೆ.

ಹನ್ನೊಂದು ವರ್ಷದಲ್ಲಿ ಒಂದು ಹೋಗಿ ನಲವತ್ತೊಂದಾದವು. ಪ್ರತಿಯೊಂದಕ್ಕೂ ನನ್ನ ಹೆಸರು, ನನ್ನ ನಂಬರು. ಯಂತ್ರ ಬದಲಾದರೆ ಓಟಿಪಿ, ನವೀಕರಣಕ್ಕೆ ಓಟಿಪಿ, ಯಾರಾದರೂ ಗುಪ್ತಪದ ಮರೆತರೆ ಓಟಿಪಿ. ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಫೋನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದೆ. ಸ್ನಾನದ ಮನೆಯ ಕಿಟಕಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಫೋನು ಇಡುತ್ತಿದ್ದೆ. ಸಿಗ್ನಲ್ ಸಿಗದ ಕಡೆ ಹೋಗುವಂತಿಲ್ಲ ಎಂದು ನಮ್ಮವರ ಕಡೆಯ ದೇವರಿಗೆ ನಾಲ್ಕು ವರ್ಷ ಹೋಗಲಿಲ್ಲ, ಅದಕ್ಕೆ ಅತ್ತೆಯಿಂದ ಮಂಗಳಾರತಿ. ಸಿನಿಮಾ ಮಂದಿರದಲ್ಲಿ, ಬಸ್ಸಿನಲ್ಲಿ, ಸೊಪ್ಪಿನವಳ ಮುಂದೆ, ಎಲ್ಲೆಲ್ಲೂ ಅಂಕಿ ಓದಿದ್ದೇನೆ. ಫೋನು ಬಡಿದುಕೊಳ್ಳದಿದ್ದಾಗಲೂ ತೊಡೆಯ ಹತ್ತಿರ ಬಡಿದುಕೊಂಡ ಹಾಗಾಗುತ್ತಿತ್ತು. ನಿದ್ದೆಯಿಂದೆದ್ದು ಮೊದಲು ನೋಡುತ್ತಿದ್ದದ್ದು ದೇವರ ಪಟವನ್ನಲ್ಲ, ಅದನ್ನು.

ನಾನು ಸುಮ್ಮನೆ ಸಹಿಸಿಕೊಂಡು ಕೂತವಳಲ್ಲ. ಲೈಸೆನ್ಸುಗಳನ್ನು ನೋಡಿಕೊಳ್ಳುವುದು ಒಂದು ಶಿಸ್ತು ಎನ್ನುವುದನ್ನು ಓದಿ, ಕೇಳಿ, ತಪ್ಪು ಮಾಡಿ ಕಲಿತೆ. ದಪ್ಪ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದಿಟ್ಟೆ: ಯಾವ ಸಾಫ್ಟ್‌ವೇರು, ಎಷ್ಟು ಜನಕ್ಕೆ ಅನುಮತಿ, ಯಾವ ಯಂತ್ರದಲ್ಲಿದೆ, ಯಾವಾಗ ಮುಗಿಯುತ್ತದೆ, ಯಾರ ಹೆಸರಿನಲ್ಲಿದೆ. ಐದು ಜನಕ್ಕೆಂದು ಕೊಂಡದ್ದು ಒಂಬತ್ತು ಯಂತ್ರದಲ್ಲಿ ಕೂತಿದ್ದದ್ದು ಆಗಲೇ ಸಿಕ್ಕಿದ್ದು. ಇನ್ನೊಂದು ಕಡೆ, ಕೆಲಸ ಬಿಟ್ಟು ವರ್ಷವಾದವರ ಹೆಸರಿನಲ್ಲಿ ಬಳಕೆಯಿಲ್ಲದೆ ಬಿದ್ದಿದ್ದವೂ ಸಿಕ್ಕಿದವು. ಅಲ್ಲಿಂದ ತೆಗೆದು ಇಲ್ಲಿಗೆ ಹಾಕಿ, ಕಡಿಮೆ ಬಿದ್ದದ್ದನ್ನು ಯಜಮಾನರ ತಲೆ ತಿಂದು ಕೊಡಿಸಿ, ಎಲ್ಲವನ್ನೂ ಸರಿ ಮಾಡಿದೆ. ಸರಿಯಾಗದೆ ಉಳಿದದ್ದು ಕೊನೆಯ ಕಾಲಮ್ಮು ಒಂದೇ. ಯಾರ ಹೆಸರಿನಲ್ಲಿ? ಮೇಲಿನಿಂದ ಕೆಳಗಿನವರೆಗೆ ನಾನು, ನಾನು, ನಾನು.

"ಸಾರ್, ಇದು ಕಂಪನಿ ಹೆಸರಲ್ಲಿರ್ಬೇಕು. ಒಂದು ಕಂಪನಿ ಸಿಮ್, ಒಂದು ಕಂಪನಿ ಇಮೇಲ್. ಜನ ಬರ್ತಾರೆ, ಹೋಗ್ತಾರೆ. ನಾಳೆ ನಾನು ಬಸ್ಸಿಗೆ ಸಿಕ್ಕಿ ಸತ್ರೆ ನಿಮ್ಮ ಆಫೀಸೇ ಮುಚ್ಚತ್ತೆ."

"ಬಿಡ್ತು ಅನ್ನಮ್ಮ. ಎಲ್ಲಾ ಚೆನ್ನಾಗಿ ನಡೀತಾ ಇದೆಯಲ್ಲ, ಯಾಕೆ ಕೆದಕ್ತೀಯಾ?"

ವರ್ಷಕ್ಕೆರಡು ಸಲ ಈ ಮಾತುಕತೆ ನಡೆಯುತ್ತಿತ್ತು. ವರ್ಷಕ್ಕೆರಡು ಸಲ ಕಾಫಿ ಕುಡಿಸಿ ಕಳಿಸುತ್ತಿದ್ದರು.

ಹಲ್ಲು ಕೀಳಿಸಿಕೊಂಡ ದಿನ ಮನೆಗೆ ಹೋಗುವಾಗ, ಊದಿದ ಕೆನ್ನೆ ಹಿಡಿದುಕೊಂಡು, ಇನ್ನು ಸಾಕು ಎಂದು ತೀರ್ಮಾನಿಸಿದೆ. ಎರಡು ತಿಂಗಳಲ್ಲಿ ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂದರ್ಶನದ ಕೊನೆಗೆ ಪ್ರಿನ್ಸಿಪಾಲರು ಸಂಕೋಚದಿಂದ, "ನಮ್ಮಲ್ಲೊಂದು ರೂಲ್ ಇದೆ ಮೇಡಂ. ಲ್ಯಾಬ್ ಒಳಗೆ ಯಾರೂ ಫೋನ್ ತರಂಗಿಲ್ಲ. ಬೆಳಿಗ್ಗೆ ಬೀರುವಲ್ಲಿಟ್ಟು ಬೀಗ ಹಾಕ್ತೀವಿ, ಸಂಜೆ ಕೊಡ್ತೀವಿ. ಕಷ್ಟ ಆಗತ್ತಾ?" ಎಂದರು. ಅವರ ಕಾಲಿಗೆ ಬೀಳಬೇಕೆನಿಸಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಗ! ಒಂದೇ ಒಂದು ಶರತ್ತು: ತಿಂಗಳ ಮೊದಲ ದಿನ ಹಳೆಯ ಕಂಪನಿಯಿಂದ ಬಿಡುಗಡೆ ಪತ್ರ ತಂದು ಸೇರಬೇಕು. ತಡವಾದರೆ ಪಟ್ಟಿಯಲ್ಲಿ ಮುಂದಿನವರಿದ್ದಾರೆ.

ಯಜಮಾನರು ರಾಜೀನಾಮೆ ಓದಿ ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು: "ಹೋಗಮ್ಮ, ನಾನ್ಯಾಕೆ ತಡೀಲಿ? ನಿನ್ನ ಹೆಸರಲ್ಲಿರೋದೆಲ್ಲ ಬದಲಾಯಿಸಿ ಹೋಗು. ಅವತ್ತೇ ಲೆಟರ್ ಕೊಡ್ತೀನಿ."

"ನಿಮ್ಮ ಹೆಸರಿಗೆ ಮಾಡ್ಲಾ ಸಾರ್? ನಿಮ್ಮ ಸಹಿ ಇರೋ ಒಂದು ಪತ್ರ ಬೇಕು, ಅಷ್ಟೇ. ಎರಡು ದಿನದ ಕೆಲಸ."

"ನನ್ನ ಹೆಸರಿಗೆ ಬೇಡ."

"ಕಂಪನಿ ಹೆಸರಿಗೆ?"

"ಕಂಪನಿ ಅಂದ್ರೆ ಯಾರು, ನಾನೇ ಅಲ್ವಾ?"

ಆಗ ನನಗೆ ರೇಗಿ ಹೋಯಿತು. ಇದೆಂಥ ಹಟ ಸಾರ್, ಚಿಕ್ಕ ಮಕ್ಕಳ ಹಾಗೆ, ಎಂದೇ ಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ, ನನ್ನನ್ನು ಕೂರಿಸಿ, ಹನ್ನೊಂದು ವರ್ಷದಲ್ಲಿ ಹೇಳದ್ದನ್ನು ಹೇಳಿದರು. ಅವರ ಮೊದಲ ವರ್ಕ್‌ಶಾಪು ಅವರ ಹೆಸರಿನಲ್ಲೇ ಶುರುವಾಗಿತ್ತಂತೆ. ಆರು ತಿಂಗಳಿಗೆ ಬೆಂಕಿ ಬಿತ್ತು. ಆಮೇಲೆ ಕೊಂಡ ವ್ಯಾನು ತುಮಕೂರು ರಸ್ತೆಯಲ್ಲಿ ಮಗುಚಿತು, ಅದೂ ಅವರ ಹೆಸರಿನದೇ. ಅಂದಿನಿಂದ ಶೆಡ್ಡು ಹೆಂಡತಿಯ ಹೆಸರಿನಲ್ಲಿ, ಕಾರು ಭಾವಮೈದುನನ ಹೆಸರಿನಲ್ಲಿ. "ನನ್ನ ಹೆಸರು ಬಿದ್ರೆ ಕೈ ಹತ್ತಲ್ಲ ಕಣಮ್ಮ. ಹದಿನೈದು ಜನ ಊಟ ಮಾಡ್ತಾ ಇದಾರೆ ಇಲ್ಲಿ," ಎಂದರು. ಬೈಯುವುದಕ್ಕೂ ಆಗದೆ, ಒಪ್ಪುವುದಕ್ಕೂ ಆಗದೆ ಎದ್ದು ಬಂದೆ.

ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು. ದಿನಾ ಬೆಳಿಗ್ಗೆ ಪತ್ರದ ಕರಡು ಅವರ ಮೇಜಿನ ಮೇಲಿಡುತ್ತಿದ್ದೆ, ದಿನಾ ಸಂಜೆ ಅದು ಸಹಿಯಿಲ್ಲದೆ ಅಲ್ಲೇ ಇರುತ್ತಿತ್ತು. ಪತ್ರವಿಲ್ಲದೆ ಬಿಟ್ಟು ಹೋದರೆ ಕಾಲೇಜಿನಲ್ಲಿ ಸೇರಿಸಿಕೊಳ್ಳುವುದಿಲ್ಲ. ಸಿಮ್ಮು ಕಿತ್ತು ಬಿಸಾಕಿದರೆ ಹದಿನೈದು ಜನರ ಕೆಲಸ ನಿಲ್ಲುತ್ತದೆ, ಅದೂ ನನ್ನ ಹೆಸರಿನಲ್ಲೇ. ನನ್ನದು ಎಂದು ಖುಷಿಪಟ್ಟಿದ್ದ ನಲವತ್ತೊಂದೂ ಸೇರಿ ನನ್ನನ್ನು ಹಿಡಿದು ಕೂರಿಸಿದ್ದವು. ಊಟ ಸೇರುತ್ತಿರಲಿಲ್ಲ. ಮಗಳು ಏನೋ ಕೇಳಿದರೆ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ.

ಆರು ದಿನ ಉಳಿದಿದ್ದಾಗ ನನ್ನ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಮಾರೇನಹಳ್ಳಿಯವಳು, ಮೂವತ್ತೈದರ ಆಸುಪಾಸು. ಮದುವೆಗೆ ಮುಂಚೆ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಆಮೇಲೆ ಎಂಟು ವರ್ಷ ಮನೆಯಲ್ಲೇ ಇದ್ದು, ಈಗ ಮತ್ತೆ ಕೆಲಸಕ್ಕೆ ಹೊರಟವಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೊಸ ಚಪ್ಪಲಿ. ಯಜಮಾನರು ಅವಳನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಬೆಳಿಗ್ಗೆಯಿಂದ ಲೈಸೆನ್ಸ್ ಸಿಗುತ್ತಿಲ್ಲ ಎಂದು ಅಳುತ್ತಿದ್ದ ಯಂತ್ರ ಅದು. ನಾನು ಹತ್ತು ನಿಮಿಷದ ಹಿಂದಷ್ಟೇ ಸರ್ವರಿನಲ್ಲಿ ಅದಕ್ಕೊಂದು ಲೈಸೆನ್ಸ್ ಬಿಡಿಸಿಟ್ಟಿದ್ದೆ. ಅವಳು ಗುಂಡಿ ಒತ್ತಿದಳು. ಸಾಫ್ಟ್‌ವೇರು ಹೂವಿನ ಹಾಗೆ ತೆರೆದುಕೊಂಡಿತು.

ನಾನು ಯಜಮಾನರ ಮುಖ ನೋಡಿದೆ. ಆ ಮುಖ ನನಗೆ ಗೊತ್ತಿತ್ತು.

"ನೋಡಮ್ಮ, ನೋಡು!" ಎಂದರು ನನಗೆ. "ಇವಳ ಕೈಗುಣ ನೋಡು!"

"ಸಾರ್, ಅದು ಕೈಗುಣ ಅಲ್ಲ, ನಾನೇ ಈಗ ತಾನೇ..."

ಕೇಳುವವರು ಯಾರು? ಸಂಜೆಯೊಳಗೆ ಪತ್ರಕ್ಕೆ ಸಹಿ ಬಿತ್ತು. ಎಲ್ಲ ಲೈಸೆನ್ಸುಗಳನ್ನೂ ಅವಳ ಹೆಸರಿಗೆ, ಅವಳ ನಂಬರಿಗೆ ವರ್ಗಾಯಿಸತಕ್ಕದ್ದು, ಎಂದು.

ಕ್ಯಾಬಿನ್ನಿಗೆ ನುಗ್ಗಿ ಜಗಳವಾಡಿದೆ. ಹೊರಗಿದ್ದ ಡಿಸೈನರುಗಳೆಲ್ಲ ಮೌಸು ಬಿಟ್ಟು ಕೇಳಿಸಿಕೊಂಡರು. ಗೃಹಪ್ರವೇಶದ ಪೂಜೆಗೆ ಬಾಡಿಗೆಯವರನ್ನು ಕೂರಿಸ್ತೀರಾ ಸಾರ್, ಎಂದೆ. ಇದು ಅನ್ಯಾಯ, ಎಂದೆ. ಅವರು ಶಾಂತವಾಗಿ, "ನಿನ್ನ ಕೆಲಸ ಆಯ್ತಲ್ಲಮ್ಮ. ಇನ್ನೇನು?" ಎಂದರು. ಸಹಿಯಾದ ಪತ್ರ ತೆಗೆದುಕೊಂಡು ಹೊರಗೆ ಬಂದೆ.

ಮರುದಿನ ಅವಳನ್ನು ಕರೆದುಕೊಂಡು ಎದುರಿನ ದರ್ಶಿನಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ನಿಂತು ಟೀ ಕುಡಿಯುತ್ತ, "ನೋಡು, ನಿನ್ನ ನಂಬರ್ ಕೊಡೋಕೆ ಮುಂಚೆ ಒಂದು ವಿಷಯ ಯೋಚನೆ ಮಾಡು," ಎಂದು ಶುರು ಮಾಡಿದೆ.

"ಹೊಸ ನಂಬರ್ ಮೇಡಂ," ಎಂದಳು ಅವಳು, ಕಣ್ಣು ಮಿನುಗಿಸಿಕೊಂಡು. "ಇಲ್ಲೀವರ್ಗೂ ನನ್ನ ಹೆಸರಲ್ಲಿ ಒಂದು ಸಿಮ್ ಕೂಡ ಇರ್ಲಿಲ್ಲ. ಈ ಕೆಲಸಕ್ಕೆ ಅಂತಾನೇ ಹೋದ ವಾರ ತಗೊಂಡೆ. ಹೇಳಿ, ಏನು ಯೋಚನೆ ಮಾಡ್ಬೇಕು?"

ಬಾಯಿಗೆ ಬಂದಿತ್ತು. ದಂತವೈದ್ಯರ ಕುರ್ಚಿ, ಸೆರಗಿನ ಗಂಟು, ಸ್ನಾನದ ಮನೆಯ ಕಿಟಕಿ, ಎಲ್ಲ. ಆದರೆ ಇವಳು ಹೆದರಿ ಓಡಿಹೋದರೆ ಸಹಿ ಮಾಡಿದ ಪತ್ರ ರದ್ದಿ, ಕಾಲೇಜು ಕೈತಪ್ಪಿತು, ನಾನು ಇಲ್ಲೇ. ಅದನ್ನು ನಾನು ಆ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದೆ. ಆಮೇಲೆ ಹೊಳೆಯಿತು, ಆಗ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. "ಏನಿಲ್ಲ, ಫೋನ್ ಯಾವಾಗ್ಲೂ ಚಾರ್ಜ್‌ನಲ್ಲಿಟ್ಟಿರು," ಎಂದೆ.

ವರ್ಗಾವಣೆಗೆ ಮೂರು ದಿನ ಹಿಡಿಯಿತು. ಒಂದೊಂದು ಲೈಸೆನ್ಸಿಗೂ ಮೊದಲು ನನ್ನ ಫೋನಿಗೆ ಅಂಕಿ ಬರಬೇಕು, ಆಮೇಲೆ ಅವಳದಕ್ಕೆ. ಇಬ್ಬರೂ ಅಕ್ಕಪಕ್ಕ ಕೂತು, ನಾನು ಓದುವುದು, ಅವಳು ಓದುವುದು. ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ನನ್ನ ಹೆಸರು ಹೊಡೆದು ಅವಳ ಹೆಸರು ಬರೆದೆ, ನನ್ನದೇ ಅಕ್ಷರದಲ್ಲಿ, ನಲವತ್ತೊಂದು ಸಲ. ಮೊದಲನೆಯದು ಮುಗಿದಾಗ ಪರದೆಯ ಮೇಲೆ ಅವಳ ಹೆಸರು ಮೂಡಿತು. "ಮೇಡಂ, ಒಂದು ಫೋಟೋ ತೆಗೀತೀರಾ? ಮನೇಲಿ ತೋರಿಸ್ಬೇಕು," ಎಂದಳು. ತೆಗೆದುಕೊಟ್ಟೆ.

ಕೊನೆಯ ದಿನ ಯಜಮಾನರು ಬಿಡುಗಡೆ ಪತ್ರದ ಜೊತೆ ಸೀರೆ, ಹಣ್ಣು, ಬಸವಣ್ಣನವರ ಪಟ ಕೊಟ್ಟು ಕಳಿಸಿದರು. ಕಾಲೇಜಿಗೆ ಮೊದಲ ತಾರೀಕಿಗೇ ಸೇರಿದೆ. ಬೀರುವಿನಲ್ಲಿ ಫೋನಿಟ್ಟು ಬೀಗ ಹಾಕಿದ ಸದ್ದು ಕೇಳಿದಾಗ, ಎಷ್ಟೋ ವರ್ಷದ ಮೇಲೆ ನನ್ನ ಕೈಗಳು ಬರಿದಾದವು. ಅಲ್ಲಿಯ ಲೈಸೆನ್ಸುಗಳೆಲ್ಲ ಕಾಲೇಜಿನ ಹೆಸರಿನಲ್ಲೇ ಇದ್ದವು, ಆಫೀಸಿನಲ್ಲಿರುವ ಒಂದು ಹಳೇ ಫೋನಿಗೆ ಅಂಕಿ ಬರುತ್ತಿತ್ತು. ಇಷ್ಟೇ ಸುಲಭ ಇತ್ತಲ್ಲ ಎಂದು ಹೊಟ್ಟೆ ಉರಿಯಿತು.

ಶ್ರಾವಣದಲ್ಲಿ ಅವಳು ವರಮಹಾಲಕ್ಷ್ಮಿ ಹಬ್ಬದ ಕುಂಕುಮಕ್ಕೆ ಕರೆದಳು. ತಪ್ಪಿಸಿಕೊಳ್ಳೋಣ ಎಂದುಕೊಂಡೆ, ಆದರೆ ಕುಂಕುಮಕ್ಕೆ ಕರೆದರೆ ಇಲ್ಲ ಎನ್ನುವುದು ಹೇಗೆ? ಕಾಲೇಜು ಮುಗಿಸಿ, ವಿಜಯನಗರದಲ್ಲಿ ಮೆಟ್ರೋ ಇಳಿದು, ಎರಡು ಮೊಳ ಹೂವು ಕೊಂಡು ಮಾರೇನಹಳ್ಳಿಯ ಅವಳ ಮನೆಗೆ ಹೋದೆ. ಎರಡನೇ ಮಹಡಿಯ ಪುಟ್ಟ ಮನೆ. ಕಲಶಕ್ಕೆ ಸೀರೆ ಉಡಿಸಿ ಬಹಳ ಅಚ್ಚುಕಟ್ಟಾಗಿ ಕೂರಿಸಿದ್ದಳು. ಅವಳು ಸೊರಗಿದ್ದಳು. ಗೋಡೆಯ ಮೇಲೆ, ದೇವರ ಪಟಗಳ ಪಕ್ಕದಲ್ಲಿ, ನಾನು ತೆಗೆದ ಆ ಫೋಟೋಗೆ ಚೌಕಟ್ಟು ಹಾಕಿಸಿದ್ದಳು.

ಆರತಿ ಎತ್ತಿದಳು. ಎರಡೂ ಕೈಯಲ್ಲಿ ತಟ್ಟೆ, ಬತ್ತಿ ಉರಿಯುತ್ತಿದೆ, ಪಕ್ಕದ ಮನೆಯ ಹೆಂಗಸರಿಬ್ಬರು ಹಾಡು ಹೇಳುತ್ತಿದ್ದಾರೆ. ಮಣೆಯ ಮೇಲಿದ್ದ ಅವಳ ಫೋನು ಗುರ್ರೆಂದಿತು. ನನ್ನ ಕೈ ತಾನಾಗಿಯೇ ನನ್ನ ಚೀಲಕ್ಕೆ ಹೋಯಿತು. ಅವಳು ಆರತಿ ನಿಲ್ಲಿಸದೆ, ಕತ್ತು ಮಾತ್ರ ತಿರುಗಿಸಿ, "ಮೇಡಂ, ಸ್ವಲ್ಪ ಓದಿಬಿಡ್ತೀರಾ?" ಎಂದಳು.

ಎತ್ತಿದೆ. ಅಂಕಿ ಬಂದಿತ್ತು. ಓದಿದೆ, ಒಂದೊಂದಾಗಿ, ಆರೂ. ಆ ಕಡೆ ಯಜಮಾನರೇ ಇದ್ದರು.

"ಯಾರು, ನೀನೇನಮ್ಮ? ನೋಡು, ನಿನ್ನ ಧ್ವನಿ ಬಿದ್ದಿದ್ದೇ ಓಪನ್ ಆಯ್ತು! ಚೆನ್ನಾಗಿದೀಯಾ?"

"ಸಾರ್, ಅವಳ ಮನೇಲಿ ಹಬ್ಬ ಸಾರ್ ಇವತ್ತು," ಎಂದೆ. ಅವರು ಹಬ್ಬದ ಶುಭಾಶಯ ಹೇಳಿ ಫೋನಿಟ್ಟರು.

ಬಂದವರೆಲ್ಲ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಅವತ್ತು ಟೀ ಕುಡೀವಾಗ ನಿಂಗೆ ಹೇಳ್ಬೇಕಿತ್ತು ಕಣೇ. ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಕೊಂಡೆ. ನಂದೇ ತಪ್ಪು," ಎಂದೆ.

ಅವಳು ನನ್ನ ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆ ತೆಂಗಿನಕಾಯಿಯನ್ನು ನನ್ನ ಸೆರಗಿಗೆ ಹಾಕಿದಳು. ಮುಖದಲ್ಲಿ ಕೋಪವಿರಲಿಲ್ಲ.

"ಬಿಡಿ ಮೇಡಂ, ನಂಗೂ ಎರಡನೇ ದಿನಕ್ಕೇ ಗೊತ್ತಾಯ್ತು. ಇನ್ನೆಷ್ಟು ದಿನ, ನನ್ನ ಜಾಗಕ್ಕೆ ಬರೋಳು ಸಿಗೋವರ್ಗೂ ತಾನೇ?" ಎಂದಳು. "ನಾನೂ ಅವಳಿಗೆ ಹೇಳಲ್ಲ."

ಸೆರಗು ಬಿಗಿಹಿಡಿದುಕೊಂಡು ಮೆಟ್ಟಿಲಿಳಿದೆ. ಮೇಲಿನಿಂದ ಅವಳ ಫೋನು ಮತ್ತೆ ಗುರ್ರೆಂದದ್ದು ಕೇಳಿಸಿತು.